‘ಕಸ ತೆಗಿ’ ಅಂದಿದ್ದೆ

ಶಾಲೆಯ ಸೊಪ್ಪಿನ ಮಡಿ ಹಾಳು ಮಾಡಿದ್ದು ಆ ಹುಡುಗಿಯಲ್ಲ. ಹಾಳು ಮಾಡಿದ್ದು ನಾನು, ಅದೂ ಬಾಯಿಂದ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆದರೆ ನಾನೇನೋ ದೊಡ್ಡ ಮನಸ್ಸು ಮಾಡಿದ ಹಾಗೆ ಕಾಣುತ್ತದೆ.

ಕಾಡುಗೋಡಿಯ ಹೊರಗಿನ ಒಂದು ಸರ್ಕಾರಿ ಶಾಲೆ ಅದು. ಮೂರು ಕಡೆ ದೊಡ್ಡ ಕಟ್ಟಡಗಳು ಏಳುತ್ತಿವೆ, ನಾಲ್ಕನೇ ಕಡೆ ರಸ್ತೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ಅಲ್ಲೇ, ಮಕ್ಕಳಿಗೆ ಅಡುಗೆ ಮಾಡಿದ್ದೂ ಅಲ್ಲೇ. ಆಮೇಲೆ ಊಟ ವ್ಯಾನಿನಲ್ಲಿ ಬರತೊಡಗಿತು. ನನಗೆ ಬಡಿಸುವುದು, ಪಾತ್ರೆ ತೊಳೆಯುವುದು ಮಾತ್ರ ಉಳಿಯಿತು. ಹೋದ ಬೇಸಿಗೆ ಕಳೆದ ಮೇಲೆ ಒಂದು ಸಂಸ್ಥೆಯವರು ಬಂದರು. ಮಕ್ಕಳೇ ಸೊಪ್ಪು ತರಕಾರಿ ಬೆಳೆಯಬೇಕು, ಮಕ್ಕಳೇ ಅಡುಗೆ ಮಾಡಬೇಕು, ಹೇಳಿಕೊಡುವುದಕ್ಕೆ ಊರಿನವರೊಬ್ಬರು ಬೇಕು ಅಂದರು. ಹೆಡ್ ಮೇಡಂ ನನ್ನ ಕಡೆ ಕೈ ತೋರಿಸಿದರು.

ಸಂಸ್ಥೆಯಿಂದ ಬಂದವಳು ಚಿಕ್ಕ ವಯಸ್ಸಿನ ಹುಡುಗಿ. ಮಕ್ಕಳು ಅವಳನ್ನು ತೋಟದ ಮೇಡಂ ಅಂದರು, ನಾನೂ ಹಾಗೇ ಅಂದೆ. ಒಳ್ಳೆಯವಳೇ. ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವುದೊಂದು ರೋಗ.

“ಅಜ್ಜಿ, ಫಸ್ಟು ಸಾಯಿಲ್ ಟೆಸ್ಟ್ ಮಾಡಿಸ್ಬೇಕು.”

“ಟೆಸ್ಟು ಏನ್ ಮಾಡ್ಸೋದು? ಅಗುದ್ ನೋಡು, ಅದೇ ಯೋಳ್ತದೆ.”

ಅಗೆದೆವು. ಒಂದು ಗೇಣು ಮಣ್ಣು, ಅದರ ಕೆಳಗೆ ಕಾಂಪೌಂಡ್ ಕಟ್ಟಿದಾಗ ಸುರಿದ ಸಿಮೆಂಟು, ಟೈಲ್ಸಿನ ಚೂರು, ತುಕ್ಕು ಹಿಡಿದ ಕಂಬಿ. ಹದಿನೈದು ದಿನ ಮಕ್ಕಳೂ ನಾನೂ ಜರಡಿ ಹಿಡಿದು ಕೂತೆವು. ಸಿಕ್ಕ ಟೈಲ್ಸಿನ ಚೂರನ್ನೆಲ್ಲ ಹುಡುಗರು ಮಡಿಯ ಸುತ್ತ ಅಂಚಿಗೆ ನೆಟ್ಟರು. ಚೆನ್ನಾಗೇ ಕಂಡಿತು. ನಮ್ಮ ಓಣಿಯಲ್ಲಿ ಇನ್ನೂ ಕುರಿ ಸಾಕುವವರು ಒಬ್ಬರಿದ್ದಾರೆ, ಅವರ ಹಟ್ಟಿಯಿಂದ ಗೊಬ್ಬರ ಬಂತು. ನಾಲ್ಕು ಮಡಿ ಆಯಿತು. ಮೊದಲನೆಯದಕ್ಕೆ ಹರಿವೆ, ಎರಡನೆಯದಕ್ಕೆ ದಂಟು, ಮೂರನೆಯದಕ್ಕೆ ಕೊತ್ತಂಬರಿ ಮತ್ತು ಮೆಂತ್ಯ.

ಮೊದಲ ಬಿತ್ತನೆ ದಂಡವಾಯಿತು. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಮಕ್ಕಳು ಬಿತ್ತಿದ ಕೂಡಲೇ ಪ್ರೀತಿ ಹೆಚ್ಚಾಗಿ ಬಿಂದಿಗೆಯಿಂದ ನೀರು ಸುರಿದರು, ಬೀಜವೆಲ್ಲ ಕೊಚ್ಚಿ ಒಂದು ಮೂಲೆಗೆ ಹೋಯಿತು. ಎರಡನೇ ಸಲ ಇರುವೆ ಹೊತ್ತವು. ಮೂರನೇ ಸಲ ಬೀಜಕ್ಕೆ ಮರಳು ಬೆರೆಸಿ ಎರಚಿಸಿದೆ, ಮೇಲೆ ಗೋಣಿ ತಾಟು ಹೊದಿಸಿ ಅದರ ಮೇಲೆ ನೀರು ಚಿಮುಕಿಸಿದೆವು, ಸುತ್ತ ಬೂದಿ ಹಾಕಿದೆವು. ಐದನೇ ದಿನ ತಾಟು ಎತ್ತಿದಾಗ ಮಡಿಯೆಲ್ಲ ಕೆಂಪು ಚುಕ್ಕಿ. ಒಂದನೇ ಕ್ಲಾಸಿನ ಒಬ್ಬಳು, “ಅಜ್ಜಿ, ಕಣ್ಣು ಬಿಟ್ಟೈತೆ” ಅಂದಳು. ಮೇಡಂ ಅದನ್ನೂ ಬರೆದುಕೊಂಡಳು.

ನಾಲ್ಕನೇ ಮಡಿಗೆ ನಾವು ಏನೂ ಬಿತ್ತಲಿಲ್ಲ. ಮಳೆ ಬಿದ್ದ ಮೇಲೆ ಅಲ್ಲಿ ಅಣ್ಣೆ ಸೊಪ್ಪು ತಾನಾಗಿ ಎದ್ದಿತು.

“ಇದು ವೀಡ್ ಅಲ್ವಾ ಅಜ್ಜಿ? ತೆಗೆಸ್ಬಿಡ್ಲಾ?”

“ವೀಡೂ ಇಲ್ಲ ಗೀಡೂ ಇಲ್ಲ. ಅಣ್ಣೆ ಸೊಪ್ಪು ಅದು. ಬೆರಕೆ ಸೊಪ್ಪಿನ ಸಾರಿಗೆ ಅದಿಲ್ದಿದ್ರೆ ನಾನು ಒಲೆ ಅಚ್ಚೋದೇ ಇಲ್ಲ. ಬಿಡು, ಬರ್ಲಿ.”

ಬಂತು. ಎಳೆಯದು ಅಡುಗೆಗೆ ಎಂದು ಇಟ್ಟೆ. ಬೇಲಿಯ ಪಕ್ಕದ ನಾಲ್ಕು ಗಿಡವನ್ನು ಮುಟ್ಟಬೇಡಿ, ಬೀಜಕ್ಕೆ ಬೇಕು ಎಂದು ಮಕ್ಕಳಿಗೆ ಹೇಳಿದೆ. ಅವು ಎತ್ತರವಾಗಿ, ತಿಳಿ ಗುಲಾಬಿ ಬಣ್ಣದ ತೆನೆ ಬಿಟ್ಟವು.

ಮೇಡಂ ಒಂದು ದಿನ ಬೋರ್ಡಿನ ಮೇಲೆ ‘ಕಳೆ’ ಎಂದು ದೊಡ್ಡದಾಗಿ ಬರೆದು, ಇದನ್ನು ಹೇಗೆ ಕೀಳಬೇಕು ಹೇಳಿ ಎಂದು ಕೇಳಿದಳು. ಮೂರನೇ ಕ್ಲಾಸಿನವನೊಬ್ಬ ಎದ್ದು ನಿಂತು, “ಮೇಡಂ, ಎಷ್ಟರಲ್ಲಿ ಎಷ್ಟು ಕಳೀಬೇಕು?” ಅಂದ. ನಾವೆಲ್ಲ ನಕ್ಕೆವು. ಒಂದು ಮಾತು ಒಬ್ಬೊಬ್ಬರ ಕಿವಿಗೆ ಒಂದೊಂದು ಥರ ಬೀಳುತ್ತದೆ ಎಂದು ಆವತ್ತೇ ನಾನು ತಿಳಿದುಕೊಳ್ಳಬೇಕಿತ್ತು. ತಿಳಿದುಕೊಳ್ಳಲಿಲ್ಲ. ನಕ್ಕು ಸುಮ್ಮನಾದೆ.

ಆ ಹುಡುಗಿ ಬಂದದ್ದು ಇದಾದ ಎಷ್ಟೋ ದಿನದ ಮೇಲೆ. ಯಾದಗಿರಿ ಕಡೆಯವರು. ಅಪ್ಪ ಅಮ್ಮ ಪಕ್ಕದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿದ್ದರು. ಮೂರನೇ ಕ್ಲಾಸಿಗೆ ಸೇರಿಸಿದರು. ಹದಿನೈದು ದಿನ ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಟೀಚರು ಕೇಳಿದರೆ ನೆಲ ನೋಡುತ್ತಿದ್ದಳು. ಊಟಕ್ಕೆ ಕೂತರೆ ಅನ್ನ ಕಲಸಿ ಕಲಸಿ ಅರ್ಧ ಬಿಡುತ್ತಿದ್ದಳು. ಆದರೆ ಮಡಿಯ ಹತ್ತಿರ ಬಂದರೆ ಬೇರೆಯೇ ಹುಡುಗಿ. ಕುಕ್ಕುರುಗಾಲಲ್ಲಿ ಕೂತರೆ ಅರ್ಧ ಗಂಟೆ ಏಳುತ್ತಿರಲಿಲ್ಲ. ಬೇರೆ ಮಕ್ಕಳು ಸಸಿ ತೆಳುವು ಮಾಡುವಾಗ ಪಕ್ಕದ್ದನ್ನೂ ಎಳೆದು ಹಾಕುತ್ತಿದ್ದರು. ಇವಳು ಎಡಗೈ ಬೆರಳಿನಿಂದ ಪಕ್ಕದ ಸಸಿಯ ಬುಡ ಒತ್ತಿ ಹಿಡಿದು, ಬಲಗೈಯಲ್ಲಿ ಒಂದೇ ಒಂದನ್ನು ಎತ್ತುತ್ತಿದ್ದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಶಾಲೆಯಲ್ಲಿ ಅವಳು ಮೊದಲು ಮಾತಾಡಿದ್ದು ನನ್ನ ಜೊತೆ. “ಆಯಿ, ನೀರು ಸಾಕ್ರಿ, ಬೇರು ಕೊಳೀತಾವ” ಅಂದಳು. ಅವರ ಕಡೆ ಅಜ್ಜಿಗೆ ಆಯಿ ಅನ್ನುತ್ತಾರಂತೆ. ನಾನು ನೀರು ನಿಲ್ಲಿಸಿದೆ. ಅವಳು ಹೇಳಿದ್ದು ಸರಿಯಾಗಿತ್ತು.

ಆ ಶನಿವಾರ ಮೊದಲ ಅಡುಗೆ ಎಂದು ಗೊತ್ತು ಮಾಡಿದ್ದೆವು. ಬೆರಕೆ ಸೊಪ್ಪಿನ ಸಾರು, ರಾಗಿ ಮುದ್ದೆ. ಕಾರ್ಯಕ್ರಮಕ್ಕೆ ದುಡ್ಡು ಕೊಡುವ ಕಂಪನಿಯವರು ನೋಡಲು ಬರುವವರಿದ್ದರು. ಗುರುವಾರ ಮಧ್ಯಾಹ್ನ ಗಾಳಿ ಎದ್ದು, ಪಕ್ಕದ ಕಟ್ಟಡದಿಂದ ಸಿಮೆಂಟ್ ಚೀಲದ ಚೂರು, ಪ್ಲಾಸ್ಟಿಕ್ ಕವರು, ಗುಟ್ಕಾ ಪಾಕೀಟು ಎಲ್ಲ ನಾಲ್ಕನೇ ಮಡಿಯ ಮೇಲೆ ಬಂದು ಬಿದ್ದವು. ನಾನು ಗ್ಯಾಸ್ ಒಲೆಯ ಪೈಪು ಬದಲಾಯಿಸಲು ಅಂಗಡಿಗೆ ಹೊರಟಿದ್ದೆ. ಆ ಹುಡುಗಿ ಎದುರಿಗೆ ಸಿಕ್ಕಳು.

“ಆ ಕೊನೇ ಮಡೀಲಿರೋ ಕಸ ಎಲ್ಲ ತೆಗಿ ಮಗ. ಒಂದೂ ಬಿಡ್ಬೇಡ” ಅಂದೆ.

“ಎಲ್ಲಾ ತಗೀಲೇನ್ರಿ ಆಯಿ?”

“ಎಲ್ಲಾ ಅಂದ್ರೆ ಎಲ್ಲಾ.”

ಅವಳು ಕೇಳಿ ಖಚಿತ ಮಾಡಿಕೊಂಡಳು, ನಾನು ಎರಡು ಸಲ ಹೇಳಿದೆ.

ನಾನು ವಾಪಸು ಬಂದಾಗ ಶಾಲೆ ಬಿಡುವ ಹೊತ್ತು. ನಾಲ್ಕನೇ ಮಡಿ ಬೋಳಾಗಿತ್ತು. ಅಣ್ಣೆ ಸೊಪ್ಪು ಒಂದೆಳೆ ಇಲ್ಲ. ಬೇಲಿಯ ಪಕ್ಕ ಬೀಜಕ್ಕೆ ಬಿಟ್ಟ ನಾಲ್ಕೂ ಇಲ್ಲ. ಮುಟ್ಟಬೇಡಿ ಎಂದು ಹೇಳಿದ್ದು ಅವಳು ಶಾಲೆಗೆ ಬರುವ ಮುಂಚೆ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ. ಮಕ್ಕಳು ಸುತ್ತ ನಿಂತಿದ್ದರು. “ಅವಳೇ ಅಜ್ಜಿ, ಅವಳೇ ಕಿತ್ತಾಕಿದ್ದು, ನಾವು ಬೇಡ ಅಂದ್ರೂ ಕೇಳ್ಲಿಲ್ಲ.” ಹುಡುಗಿ ಕೈತುಂಬ ಮಣ್ಣು ಮೆತ್ತಿಕೊಂಡು, ಭೇಷ್ ಅನ್ನಲಿ ಎಂದು ನನ್ನ ಮುಖ ನೋಡುತ್ತಿದ್ದಳು. ಆ ಮುಖ ನನಗೆ ಈಗ ಕಾಣುತ್ತದೆ. ಆಗ ಕಂಡದ್ದು ಬೋಳು ಮಡಿ ಮಾತ್ರ.

“ಕೈಗೇನ್ ರೋಗ ಬಂದಿತ್ತೇ ನಿಂಗೆ? ತಿನ್ನೋ ಸೊಪ್ಪು ಯಾವ್ದು, ಕಸ ಯಾವ್ದು ಗೊತ್ತಿಲ್ವಾ? ಮನೇಲಿ ಅನ್ನ ತಿಂತೀಯೋ ಮಣ್ಣು ತಿಂತೀಯೋ?”

“ಆಯಿ, ನೀವ ಅಂದ್ರಲ್ಲರಿ…”

“ಎದುರ್ ಮಾತಾಡ್ಬೇಡ. ಓಗು. ಇನ್ಮೇಲೆ ಮಡಿ ತಾವ್ಕೆ ಕಾಲಿಕ್ಬೇಡ.”

ಅವಳು ಅಳಲಿಲ್ಲ. ಕೈ ತೊಳೆಯದೆ ಚೀಲ ಎತ್ತಿಕೊಂಡು ಹೋದಳು. ಗೇಟಿನ ಹತ್ತಿರ ಹುಡುಗರು, “ಮಣ್ಣು ತಿನ್ನೋಳು, ಮಣ್ಣು ತಿನ್ನೋಳು” ಎಂದು ಕೂಗಿದ್ದು ಕೇಳಿಸಿತು. ಗದರಬೇಕಿತ್ತು. ಗದರಲಿಲ್ಲ.

ಶುಕ್ರವಾರ ಅವಳು ಬರಲಿಲ್ಲ.

ತೋಟದ ಮೇಡಂ ಬಂದು ಮಡಿ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, “ಅಜ್ಜಿ, ಮಾರ್ಕೆಟ್‌ನಿಂದ ನಾಲ್ಕು ಕಟ್ಟು ಸೊಪ್ಪು ತಂದ್ಬಿಡೋಣ. ಯಾರಿಗೂ ಗೊತ್ತಾಗಲ್ಲ” ಅಂದಳು.

“ಮಕ್ಳಿಗ್ ಗೊತ್ತಾಯ್ತದೆ. ಅವ್ರೇ ತಾನೆ ಬೆಳೆದಿರೋದು?”

ಹುಡುಗಿ ಕಿತ್ತ ಗಿಡ ಎಲ್ಲಿ ಬಿಸಾಕಿದ್ದಾಳೆ ನೋಡೋಣ, ಅಡುಗೆಗೆ ಏನಾದರೂ ಉಳಿದಿದೆಯಾ ಎಂದು ಹುಡುಕಿದೆ. ಬಿಸಾಕಿರಲಿಲ್ಲ. ಕಾಂಪೌಂಡಿನ ಬಿಸಿಲು ಬೀಳುವ ಕಡೆ, ಟೈಲ್ಸ್ ಹಾಕಿದ ಕಟ್ಟೆಯ ಮೇಲೆ ಸಾಲಾಗಿ ಹರಡಿದ್ದಳು. ಎಲೆ ಬಾಡಿಹೋಗಿತ್ತು, ಸಾರಿಗೆ ಬಾರದು. ಪ್ರತಿ ಗಿಡದ ಬೇರಿನ ಮಣ್ಣನ್ನು ಮಡಿಗೇ ಕೊಡವಿದ್ದಳು. ಬೇರು ಎಲ್ಲವೂ ಮೇಲ್ಮುಖ, ತೆನೆ ಎಲ್ಲವೂ ಒಂದೇ ಕಡೆ. ಮಡಿಯೊಳಗೆ ಎಲ್ಲೂ ಗುಂಡಿ ಇಲ್ಲ. ಅಂಚಿನಲ್ಲಿ ತಪ್ಪಿ ಎದ್ದಿದ್ದ ಮೂರು ದಂಟಿನ ಸಸಿಯನ್ನು ಮುಟ್ಟಿರಲಿಲ್ಲ. ಪ್ಲಾಸ್ಟಿಕ್ ಕವರು, ಗುಟ್ಕಾ ಪಾಕೀಟು ಮಾತ್ರ ಅಲ್ಲೇ ಇದ್ದವು. ಅವುಗಳ ಮೇಲೆ ಒಂದೊಂದು ಕಲ್ಲು, ಹಾರಿಹೋಗದಿರಲಿ ಎಂದು.

ನಾನು ಅಲ್ಲೇ ಕೂತೆ. ಹಾಳು ಮಾಡುವ ಕೈ ಎಳೆದು ಎಸೆಯುತ್ತದೆ. ಬೇರು ಬಿಸಿಲಿಗೆ ಇಡುವುದು ಕಳೆ ಕೀಳಲು ಕೂಲಿಗೆ ಹೋದ ಕೈ. ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ ಎಂದು ತಿಳಿದ ಕೈ. ಎಂಟು ವರ್ಷದ ಹುಡುಗಿ ಅಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲು ಸಾಧ್ಯವಿಲ್ಲ. ಯಾರೋ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದಾಳೆ. ಆದರೆ ನಾನು ಏನು ಹೇಳಿದೆ?

ಬಡಿಸುವುದು ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಶೆಡ್ಡುಗಳ ಕಡೆ ಹೋದೆ. ಹೆಡ್ ಮೇಡಂ ಕೇಳಿದ್ದಕ್ಕೆ, “ಒಂದ್ ಮಗು ಬಂದಿಲ್ಲ, ಕರ್ಕೊಂಬತ್ತೀನಿ” ಅಂದೆ. ಅಷ್ಟು ಸಲೀಸು ಎಂದುಕೊಂಡಿದ್ದೆ.

ತಾಯಿ ಮಧ್ಯಾಹ್ನದ ಊಟಕ್ಕೆ ಬಂದಿದ್ದಳು. ಒಂದೂವರೆ ವರ್ಷದ ಗಂಡು ಮಗುವಿಗೆ ರೊಟ್ಟಿ ನೆನೆಸಿ ತಿನ್ನಿಸುತ್ತಿದ್ದಳು. ಹುಡುಗಿ ನನ್ನನ್ನು ಕಂಡು ನೀರಿನ ಡ್ರಮ್ಮಿನ ಹಿಂದೆ ಹೋದಳು.

“ಬರ್ರಿ ಅಮ್ಮಾರ, ಕುಂದರ್ರಿ” ಎಂದು ತಾಯಿ ಚೀಲ ಹಾಸಿದಳು. “ಅಕಿ ಇನ್ನ ಸಾಲಿಗೆ ಬರಂಗಿಲ್ರಿ. ಮಣ್ಣು ತಿನ್ನಾಕಿ ಅಂತಾರಂತ, ಹೋಗಂಗಿಲ್ಲ ಅಂತ ಹಟ ಹಿಡದಾಳ. ನಂಗೂ ಸಣ್ಣ ಕೂಸಿನ್ನ ನೋಡಾವರು ಬೇಕಾಗ್ಯದ. ತಮ್ಮನ್ನ ಆಡಿಸ್ಕೊಂತ ಕೆಲಸದ ಕಡೀನ ಇರ್ತಾಳ ಬಿಡ್ರಿ.”

ಆ ‘ಬಿಡ್ರಿ’ ತೀರ ಸುಲಭವಾಗಿ ಬಂತು. ಆ ಕಟ್ಟಡದ ಕೆಲಸದ ಜಾಗದಲ್ಲಿ ತಮ್ಮಂದಿರನ್ನು ಎತ್ತಿಕೊಂಡು ತಿರುಗುವ ಹುಡುಗಿಯರನ್ನು ಗೇಟಿನಿಂದ ದಿನಾ ನೋಡುತ್ತೇನೆ. ಒಂದು ಸಲ ಶಾಲೆ ಬಿಟ್ಟವಳು ಮತ್ತೆ ಬಂದದ್ದು ನಾನು ಕಂಡಿಲ್ಲ.

“ನಿಮ್ಮೂರ್ನಲ್ಲಿ ನೀನೇನ್ ಕೆಲ್ಸ ಮಾಡ್ತಿದ್ದೆ?” ತಾಯಿಯನ್ನು ಕೇಳಿದೆ.

“ಮಂದಿ ಹೊಲಕ್ಕ ಕಸಾ ತೆಗ್ಯಾಕ ಹೋಗ್ತಿದ್ನಿರಿ. ಇಕೀನೂ ಬರ್ತಿದ್ಳು ಸೆರಗ ಹಿಡ್ಕೊಂಡು.”

“ಒಲದಲ್ಲಿ ಎಂತಾ ಕಸ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಕಸಾ ಅಂದ್ರ ಕಸಾನ ರಿ. ಬೆಳಿ ನಡುವ ಬ್ಯಾರೆ ಏನ್ ಬೆಳೀತದ, ಅದು.”

ಆಗ ಗೊತ್ತಾಯಿತು. ನಾವು ಕಳೆ ಅನ್ನುವುದನ್ನು ಅವರು ಕಸ ಅನ್ನುತ್ತಾರೆ. ನಾನು ಹುಡುಗಿಗೆ, ಮಡಿಯ ಕಸ ಎಲ್ಲ ತೆಗಿ ಅಂದೆ. ಅವಳು ಬೆಳೆಯಲ್ಲದ್ದನ್ನೆಲ್ಲ ತೆಗೆದಳು. ಪ್ಲಾಸ್ಟಿಕ್ಕಿನ ಮೇಲೆ ಕಲ್ಲು ಇಟ್ಟಳು, ಅದನ್ನು ಗುಡಿಸುವುದು ಬೇರೆ ಕೆಲಸ ಎಂದು.

ಡ್ರಮ್ಮಿನ ಕಡೆ ತಿರುಗದೆ ಕೇಳಿದೆ, “ಆ ಗುಲಾಬಿ ತೆನೆ ಗಿಡ ನಿಮ್ಮೂರಲ್ಲಿ ಏನೇ?”

ಹಿಂದಿನಿಂದ ಸಣ್ಣ ದನಿ: “ಕಸಾ.”

“ನಮ್ಮೂರಲ್ಲಿ ಸಾರು.”

ತಾಯಿಗೆ ನಗು ಬಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. “ಅಯ್ಯ ಯವ್ವಾ, ಅದನ್ನ ತಿಂತೀರೇನ್ರಿ ನೀವು?” ಡ್ರಮ್ಮಿನ ಹಿಂದೆಯೂ ಮೂಗಿನಲ್ಲಿ ಒಂದು ಸದ್ದಾಯಿತು. ನಕ್ಕಳೋ ಸಿಂಬಳ ಎಳೆದಳೋ, ನಾನು ಹೇಳಲಾರೆ.

ಡ್ರಮ್ಮಿನ ಬುಡದಲ್ಲಿ ಚೆಲ್ಲಿದ ನೀರಿಗೆ ಐದಾರು ಗಿಡ ಎದ್ದಿದ್ದವು. ಕೆಂಪು ದಂಟು, ಬೆರಳಿನ ಹಾಗೆ ಸೀಳಿದ ಎಲೆ.

“ಇದ್ಯಾವ್ದು?”

“ಪುಂಡಿ ಪಲ್ಯೆ ರಿ. ಊರಿಂದ ಬೀಜ ತಂದಿದ್ದೆ.”

“ಪುಂಡಿಯಾ? ನೋಡಿದ್ರೆ ಸಾಧು ಅಂಗ್ ಕಾಣ್ತದೆ.”

ಈ ಸಲ ಡ್ರಮ್ಮಿನ ಹಿಂದಿನಿಂದ ನಿಜವಾಗಿ ನಗು ಬಂತು. ಆದರೆ ಹುಡುಗಿ ಹೊರಗೆ ಬರಲಿಲ್ಲ. ತಪ್ಪಾಯಿತು ಎಂದು ಅಲ್ಲೇ ಹೇಳಿ ಮುಗಿಸಬಹುದಿತ್ತು. ಬೈದದ್ದು ನಲವತ್ತು ಮಕ್ಕಳ ಮುಂದೆ, ಒಪ್ಪಿಕೊಳ್ಳುವುದು ಶೆಡ್ಡಿನ ಒಳಗೆ ಎಂದರೆ ಅದು ಕಳ್ಳ ವ್ಯಾಪಾರ. ಎದ್ದು ನಿಂತು, “ನಾಳೆ ಅಡುಗೆ ಐತೆ. ನಿನ್ ತಮ್ಮನ್ನೂ ಕರ್ಕೊಂಡ್ ಬಾ. ಬರ್ದಿದ್ರೂ ನಾನು ಯೋಳೋದು ಯೋಳ್ತೀನಿ” ಎಂದು ಹೊರಟೆ.

ಶನಿವಾರ ಎಂಟೂವರೆಗೆ ಮಕ್ಕಳು ಸೊಪ್ಪು ಬಿಡಿಸಲು ಕೂತರು. ಹರಿವೆ, ದಂಟು, ಮೆಂತ್ಯ, ಶಾಲೆಯ ನುಗ್ಗೆ ಮರದ ಎಲೆ. ಚಾಕು ಇಲ್ಲ, ಕೈಯಲ್ಲೇ ಮುರಿಯಬೇಕು. ಮೂರು ಬಕೆಟ್ ನೀರು. ಮೊದಲನೆಯದರಲ್ಲಿ ಅದ್ದಿ, ಎರಡನೆಯದರಲ್ಲಿ ಜಾಲಿಸಿ, ಮೂರನೆಯದರಲ್ಲಿ ಕೆಳಗೆ ಮಣ್ಣು ಕೂರದಿದ್ದರೆ ಮಾತ್ರ ನನ್ನ ಪಾತ್ರೆಗೆ. ಬೆಂಕಿಯ ಹತ್ತಿರ ನಾನೊಬ್ಬಳೇ. ಬೇಳೆ ಬೇಯುತ್ತಿತ್ತು. ಗೇಟಿನ ಕಡೆ ನೋಡಬಾರದು ಎಂದುಕೊಂಡು ನೋಡುತ್ತಿದ್ದೆ.

ಒಂಬತ್ತೂವರೆ ಆಯಿತು. ಬರಲಿಲ್ಲ. ಕಂಪನಿಯವರಿಬ್ಬರು ಬಂದು ಕುರ್ಚಿಯ ಮೇಲೆ ಕೂತರು. ಹೇಳುವುದು ಹೇಳುತ್ತೇನೆ ಅಂದಿದ್ದೆನಲ್ಲ, ಒಲೆ ಸಣ್ಣ ಮಾಡಿ ಸೌಟು ಕೆಳಗಿಟ್ಟೆ.

“ಎಲ್ರೂ ಕೇಳ್ರೋ. ಗುರುವಾರ ಮಡಿ ಬೋಳಾಗಿದ್ದು ಆ ಹುಡುಗಿ ತಪ್ಪಲ್ಲ. ಕಸ ತೆಗಿ ಅಂತ ಯೋಳಿದ್ದು ನಾನು. ಅವರೂರಲ್ಲಿ ಕಳೆಗೆ ಕಸ ಅಂತಾರೆ. ನಾನ್ ಯೋಳಿದ್ನ ನಿಮ್ಗಿಂತ, ನನಗಿಂತ ಚೆನ್ನಾಗ್ ಮಾಡವ್ಳೆ. ವಿಚಾರಿಸ್ದೆ ಬೈದೋಳು ನಾನು. ತಪ್ಪು ನಂದು.”

ಗೇಟಿನ ಹತ್ತಿರ ಕೂಗಿದ್ದ ಹುಡುಗರ ಕಡೆ ತಿರುಗಿದೆ.

“ಇನ್ನೊಂದ್ ಮಾತು. ಮಣ್ಣು ತಿನ್ನೋಳು ಅಂತ ಕರೀಬೇಕು ಅಂತ ಯಾರಿಗಾದ್ರೂ ಆಸೆ ಆದ್ರೆ ನನ್ನನ್ ಕರೀರಿ. ಇವತ್ತಿಂದ ಅದು ನನ್ನೆಸ್ರು.”

ಕೂಗಿದವರಲ್ಲಿ ದೊಡ್ಡವನು ಐದನೇ ಕ್ಲಾಸಿನವನು, ತಲೆ ತಗ್ಗಿಸಿದ. ಒಂದನೇ ಕ್ಲಾಸಿನ ಆ ಪುಟ್ಟಿ ಮಾತ್ರ ತಡಮಾಡಲಿಲ್ಲ. “ಮಣ್ಣು ತಿನ್ನೋ ಅಜ್ಜಿ, ಬೇಳೆ ಉಕ್ತಾ ಐತೆ!”

ನಾನು ಒಲೆಯ ಕಡೆ ಓಡಿ, ಉಕ್ಕಿದ್ದನ್ನು ಒರೆಸಿ ತಿರುಗಿದಾಗ ಆ ಹುಡುಗಿ ಅಡುಗೆ ಕೋಣೆಯ ಬಾಗಿಲಲ್ಲಿದ್ದಳು. ಸೊಂಟದ ಮೇಲೆ ತಮ್ಮ, ಕೈಯಲ್ಲಿ ಅಪ್ಪನ ಹಳೇ ಟವೆಲ್ಲಿನ ಗಂಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಅವ್ವ ಕೊಟ್ಟಾಳ್ರಿ” ಎಂದು ಗಂಟು ಚಾಚಿದಳು. ಬಿಚ್ಚಿದರೆ ಪುಂಡಿ ಸೊಪ್ಪು. ಡ್ರಮ್ಮಿನ ಬುಡದಲ್ಲಿದ್ದದ್ದು ಅಷ್ಟೂ.

“ಇದ್ನ ಬಿಡ್ಸೋದು ಎಂಗೆ ಅಂತ ಇವರ್ಗೆಲ್ಲ ತೋರ್ಸು” ಎಂದು ತಮ್ಮನನ್ನು ಇಸಕೊಂಡೆ. ಅವಳು ಕುಕ್ಕುರುಗಾಲಲ್ಲಿ ಕೂತು, ಎಲೆ ಬೇರೆ ದಂಟು ಬೇರೆ ಮಾಡತೊಡಗಿದಳು. ಅವಳ ಪಕ್ಕ ಜಾಗ ಹಿಡಿಯಲು ಇಬ್ಬರು ತಳ್ಳಾಡಿದರು.

ಪುಂಡಿ ಹುಳಿ ಇತ್ತು, ಹುಣಿಸೆಹಣ್ಣು ಹಾಕಲಿಲ್ಲ. ಬೇಳೆ, ಸೊಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಬೇಯಿಸಿ ಕಡಗೋಲಿನಲ್ಲಿ ಮಸೆದು ಒಗ್ಗರಣೆ ಕೊಟ್ಟೆ. ಕಂಪನಿಯವರಲ್ಲಿ ಒಬ್ಬರು, “ಎಲ್ಲಾ ಇಲ್ಲೇ ಬೆಳೆದಿದ್ದಾ ಅಜ್ಜಿ?” ಎಂದು ಕೇಳಿದರು. ತೋಟದ ಮೇಡಂ ನನ್ನ ಮುಖ ನೋಡಿದಳು.

“ಇಲ್ಲ ಸಾರ್. ಅರ್ಧ ಇಲ್ಲಿದು. ಅರ್ಧ ಇವರಮ್ಮ ಕಳ್ಸಿದ್ದು.”

ಹುಡುಗಿ ಆವತ್ತು ತಟ್ಟೆಯಲ್ಲಿ ಏನೂ ಬಿಡಲಿಲ್ಲ. ಮುದ್ದೆ ಅವಳಿಗೆ ನುಂಗಲು ಬರದೆ ಅಗಿದು ಅಗಿದು ತಿಂದಳು, ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ತಟ್ಟೆ ತೊಳೆದ ಮೇಲೆ ತಮ್ಮನನ್ನು ಸೊಂಟಕ್ಕೇರಿಸಿ, “ಹೋಗಿಬರ್ತೀನ್ರಿ ಆಯಿ” ಅಂದದ್ದು ಸೋಮವಾರ ಬರುವವಳ ದನಿಯಲ್ಲ. ನನ್ನ ತಪ್ಪು ಒಪ್ಪಿಕೊಂಡೆನೆಂದ ಮಾತ್ರಕ್ಕೆ ಅವಳ ಸೊಂಟದ ಮೇಲಿನ ಕೂಸು ಇಳಿಯುವುದಿಲ್ಲ.

ಹೆಡ್ ಮೇಡಂ ಹತ್ತಿರ ಹೋದೆ. “ಆ ಕೂಸು ಅಗಲೊತ್ತು ನನ್ ತಾವ ಇರ್ಲಿ. ಅಡುಗೆ ಕೋಣೆ ಮುಂದೆ ಹೊಂಗೆ ಮರ ಐತೆ.”

“ಅಂಗನವಾಡಿಗೂ ಸೇರಿಸೋಕಾಗಲ್ಲ ಅಷ್ಟು ಚಿಕ್ಕದನ್ನ. ಶಾಲೇಲಿ ಇಟ್ಕೊಳ್ಳೋಕೆ ರೂಲ್ಸ್ ಇಲ್ಲ ಕಣಮ್ಮ.”

“ಇಟ್ಕೊಬಾರ್ದು ಅಂತ ರೂಲ್ಸ್ ಐತಾ?”

ಅವರು ಹಾಜರಿ ಪುಸ್ತಕ ತೆರೆದು ನೋಡಿದರು. “ನನಗೆ ಆ ಹುಡುಗಿ ಹಾಜರಿ ಬೇಕು. ಹೊಂಗೆ ಮರದ ಕಡೆ ನಾನು ಹೋಗೋದೇ ಇಲ್ಲ, ಹುಳ ಬೀಳ್ತವೆ” ಅಂದರು.

ಸಂಜೆ ಶೆಡ್ಡಿಗೆ ಹೋಗಿ ತಾಯಿಗೆ ಹೇಳಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. “ನೋಡೂಣ್ರಿ” ಅಂದಳು.

ಮಾರನೇ ದಿನ ಭಾನುವಾರ. ಗೇಟಿನ ಬೀಗದ ಕೈ ನನ್ನ ಹತ್ತಿರವೇ ಇತ್ತು. ಬೆಳಿಗ್ಗೆ ಆರೂವರೆಗೆ ಹೋದೆ. ಟೈಲ್ಸಿನ ಮೇಲೆ ಅವಳು ಹರಡಿದ್ದ ಅಣ್ಣೆ ಸೊಪ್ಪಿನ ತೆನೆಗಳು ಎರಡು ದಿನದ ಬಿಸಿಲಿಗೆ ಗರಿಗರಿ ಒಣಗಿದ್ದವು. ನಾನು ಇಟ್ಟಿದ್ದರೆ ಅಷ್ಟು ಚೆನ್ನಾಗಿ ಒಣಗುತ್ತಿರಲಿಲ್ಲ. ಅಂಗೈಯಲ್ಲಿ ಉಜ್ಜಿ, ಊದಿ, ಮಿರಮಿರ ಕಪ್ಪು ಬೀಜವನ್ನು ಮಡಿಯ ಅರ್ಧಕ್ಕೆ ಎರಚಿದೆ. ಇನ್ನರ್ಧ ಪುಂಡಿಗೆ ಬಿಟ್ಟೆ. ಅದರ ಬೀಜ ನನ್ನ ಹತ್ತಿರ ಇಲ್ಲ, ಅದನ್ನು ತರಬೇಕಾದವಳು ಬೇರೆ.

ಆಮೇಲೆ ಮನೆಯಿಂದ ತಂದಿದ್ದ ಹಳೇ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಂಗೆಯ ದಪ್ಪ ಕೊಂಬೆಗೆ ಎರಡು ಗಂಟು ಹಾಕಿ ಜೋಲಿ ಕಟ್ಟಿದೆ. ಉಗ್ರಾಣದಿಂದ ಹತ್ತು ಕೆಜಿ ರಾಗಿ ಹಿಟ್ಟಿನ ಚೀಲ ತಂದು ಅದರೊಳಗೆ ಮಲಗಿಸಿ, ಮೆಲ್ಲಗೆ ತೂಗಿದೆ. ಆಮೇಲೆ ಜೋರಾಗಿ ತೂಗಿದೆ. ಗಂಟು ತಡೆಯಿತು.